ಕಣ್ಣಿಗಿಂತ ಮೊದಲು ಕಿವಿ: ಹಳಿ ಪಕ್ಕದ ನನ್ನ ಅನುಭವ

ಉಡುಪಿಯ ಇಂದ್ರಾಳಿ ಸ್ಟೇಷನ್ನಿಂದ ಬಾರ್ಕೂರಿನ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಸ್ವರ್ಣಾ ನದಿ ದಾಟುತ್ತದೆ. ಆ ಸೇತುವೆ ಕಾಣುವ ಹಾಗೆ, ಹಳಿಯಿಂದ ಎರಡು ಗದ್ದೆಯಷ್ಟು ದೂರದಲ್ಲಿ ಒಂದು ತೆಂಗಿನ ತೋಟ ಉಂಟು. ಹತ್ತು ವರ್ಷಕ್ಕಿಂತ ಜಾಸ್ತಿಯಾಯ್ತು, ನಾನು ರೈಲಿನ ಫೋಟೋ ತೆಗೆಯುವುದು ಹೆಚ್ಚಾಗಿ ಅಲ್ಲಿಂದಲೇ. ಮೊದಲ ದಿನ ಕ್ಯಾಮೆರಾ ಹಿಡಿದು ಅಂಚಿನಲ್ಲಿ ನಿಂತಿದ್ದಾಗ ತೋಟದ ಅಜ್ಜ ಬಂದು, "ಎಂತ ಮಾರಾಯ್ರೆ, ರೈಲಿಗಾ? ಐದು ನಿಮಿಷ ತಡೀರಿ, ಈಗ ಬರ್ತದೆ" ಅಂದರು. ನನ್ನ ಫೋನಿನಲ್ಲಿ ಆ ಗಾಡಿ ಇಪ್ಪತ್ತು ನಿಮಿಷ ಲೇಟು ಅಂತಿತ್ತು. ಅಜ್ಜ ಹೇಳಿದ ಹಾಗೆಯೇ ಬಂತು. "ನಿಮಗೆ ಹೇಗೆ ಗೊತ್ತಾಯ್ತು ಅಜ್ಜ?" ಅಂದರೆ, "ಕೇಳ್ತಾ ಉಂಟಲ್ಲ" ಅಂದರು. ನನಗೆ ಏನೂ ಕೇಳಿರಲಿಲ್ಲ.

ರೈಲಿನ ಫೋಟೋಗೆ ಯಾವ ಲೆನ್ಸ್ ತಗೊಳ್ಳಬೇಕು ಅಂತ ಕೇಳುವವರು ತುಂಬಾ ಜನ. ನಾನು ಮೊದಲು ಹೇಳುವುದು ಲೆನ್ಸಿನ ವಿಷಯ ಅಲ್ಲ. ಕ್ಯಾಮೆರಾ ಚೀಲದಲ್ಲೇ ಇಟ್ಟು ಎರಡು ದಿನ ಸುಮ್ನೆ ಕೂತು ಕೇಳಿ ಅಂತೀನಿ.

ನಾನು ಶುರು ಮಾಡಿದಾಗ ಕೊಂಕಣ ರೈಲ್ವೆಯಲ್ಲಿ ಎಲ್ಲ ಡೀಸೆಲ್ಲೇ. ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ 740 ಕಿ.ಮೀ. ಆಸುಪಾಸಿನ ದಾರಿ, 1998ರಲ್ಲಿ ಪೂರ್ತಿ ತೆರೆದದ್ದು. ಆಲ್ಕೋ ಇಂಜಿನ್ ಬಂದರೆ ಅದರ ಗುಡುಗುಡು ಸದ್ದು ಗುಡ್ಡದ ಆಚೆಯಿಂದಲೇ ಕೇಳುತ್ತಿತ್ತು. ಅಮೆರಿಕದ ವಿನ್ಯಾಸ ತಂದು ವಾರಾಣಸಿಯಲ್ಲಿ 1964ರಿಂದ ಕಟ್ಟಿದ ಇಂಜಿನ್ನಿನ ಮನೆತನ ಅದು. ಆಮೇಲೆ ಬಂದ ಡಬ್ಲ್ಯೂಡಿಪಿ-4 ಜಾತಿಯ ಡೀಸೆಲ್ ಇಂಜಿನ್ನಿಗೆ ಬೇರೆಯೇ ದನಿ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಸಣ್ಣ ಶಿಳ್ಳೆ ಮೊದಲು, ಹಿಂದಿನಿಂದ ಗುಂಯ್ ಅನ್ನುವ ದಪ್ಪ ಸದ್ದು. ಆರು ತಿಂಗಳಲ್ಲಿ ನನಗೂ ಅಜ್ಜನ ಹಾಗೆ ಕೇಳಲು ಶುರುವಾಯ್ತು. ಉತ್ತರದಿಂದ ಬರುವ ಗಾಡಿಯ ಸದ್ದು ಸೇತುವೆ ಹತ್ತಿದ ಕೂಡಲೇ ಬದಲಾಗುತ್ತದೆ, ಕೆಳಗಿನ ನೀರಿಗೆ ತಾಗಿ ಅಗಲ ಆಗುತ್ತದೆ. ಆ ಬದಲಾವಣೆ ಕೇಳಿದಾಗ ಕ್ಯಾಮೆರಾ ಎತ್ತಿದರೆ ಸಾಕು, ಅಷ್ಟು ಹೊತ್ತು ಕೈ ನೋಯಿಸಿಕೊಂಡು ಹಿಡಿದಿರಬೇಕಾಗಿಲ್ಲ.

ಇಲ್ಲಿ ಹಳಿ ಒಂದೇ. ಇದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಒಂದು ಗಾಡಿ ದಕ್ಷಿಣಕ್ಕೆ ಹೋಯ್ತು ಅಂದರೆ ಅದಕ್ಕಾಗಿ ಇಂದ್ರಾಳಿಯಲ್ಲೋ ಇನ್ನಂಜೆಯಲ್ಲೋ ಎದುರಿನ ಗಾಡಿಯೊಂದು ದಾರಿ ಬಿಟ್ಟು ಕಾಯುತ್ತಾ ಇರಬಹುದು. ಹಾಗಾಗಿ ಒಂದು ಫೋಟೋ ಆದ ಕೂಡಲೇ ಚೀಲ ಕಟ್ಟಬೇಡಿ.

ಬೆಳಕಿನ ಲೆಕ್ಕವೂ ಹೇಳಿಬಿಡ್ತೀನಿ, ನಾನು ಎರಡು ವರ್ಷ ತಪ್ಪು ಮಾಡಿ ಕಲಿತದ್ದು. ನಮ್ಮ ಕರಾವಳಿಯಲ್ಲಿ ಹಳಿ ಹೆಚ್ಚು ಕಡಿಮೆ ದಕ್ಷಿಣೋತ್ತರ. ಬೆಳಿಗ್ಗೆ ಘಟ್ಟದ ಕಡೆ ನಿಲ್ಲಬೇಕು, ಸಂಜೆ ಸಮುದ್ರದ ಕಡೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಡಿಸೆಂಬರ್ ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಉತ್ತರಕ್ಕೆ ಹೋಗುವ ಗಾಡಿಯ ಮುಖ ಯಾವಾಗಲೂ ನೆರಳಿನಲ್ಲೇ. ಬೆಳಿಗ್ಗೆ ಮಂಗಳೂರಿನಿಂದ ಮಡಗಾಂವ್‌ಗೆ ಹೋಗುವ ವಂದೇ ಭಾರತ್ ಇದೆಯಲ್ಲ, 2023ರ ಡಿಸೆಂಬರ್ ಕೊನೆಗೆ ಶುರುವಾದದ್ದು, ಅದರ ಬಿಳಿ ಮೂತಿ ನನ್ನ ಮೊದಲಿನ ಫೋಟೋಗಳಲ್ಲೆಲ್ಲ ಬೂದಿ ಬಣ್ಣಕ್ಕೆ ಬಂದಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಮ್ಮೂರಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಆ ಗಾಡಿಗೆ ಮೇ ತಿಂಗಳ ಬೆಳಿಗ್ಗೆಯೇ ಸರಿ. ಮೂತಿಗೂ ಬಿಸಿಲು, ಮಗ್ಗುಲಿಗೂ ಬಿಸಿಲು.

ಶಟರ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಗಂಟೆಗೆ 100 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ 28 ಮೀಟರ್ ಹತ್ತಿರ ಹೋಗುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗೂ ಅದು ಮೂರು ಸೆಂಟಿಮೀಟರ್ ಸರಿದಿರುತ್ತದೆ. ಅಡ್ಡಕ್ಕೆ ನಿಂತು ತೆಗೆದರೆ ಅಕ್ಷರ ಕಲಸಿ ಹೋಗುವುದು ಇದಕ್ಕೇ. ಓರೆಯಾಗಿ, ಎದುರಿನಿಂದ ಬರುವ ಹಾಗೆ ನಿಂತರೆ ಅಷ್ಟು ತೊಂದರೆ ಇಲ್ಲ.

ಇನ್ನು ಉಗಿಬಂಡಿ. ನಮ್ಮ ತಂದೆ ಮಂಗಳೂರಿನಿಂದ ಕೇರಳದ ಕಡೆಗೆ ಉಗಿಬಂಡಿಯಲ್ಲಿ ಹೋದವರು. ಇಂಜಿನ್ ಕಡೆಗೆ ಮುಖ ಮಾಡಿ ಕೂತರೆ ಕಣ್ಣಿಗೆ ಕಲ್ಲಿದ್ದಲಿನ ಹುಡಿ ಬೀಳುತ್ತಿತ್ತು ಅಂತ ಈಗಲೂ ಹೇಳುತ್ತಾರೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬ್ರಾಡ್‌ಗೇಜಿನ, ಅಂದರೆ ಅಗಲ ಹಳಿಯ, ಮೇಲೆ ದಿನನಿತ್ಯದ ಉಗಿಬಂಡಿ ದೇಶದಲ್ಲೇ ನಿಂತುಹೋದದ್ದು 1995ರ ಡಿಸೆಂಬರಿನಲ್ಲಿ. ಈಗ ಬ್ರಾಡ್‌ಗೇಜ್ ಉಗಿ ಇಂಜಿನ್ ಜೀವಂತ ನೋಡಬೇಕಾದರೆ ಹರಿಯಾಣದ ರೇವಾರಿಯ ಹಳೇ ಶೆಡ್ಡಿಗೆ ಹೋಗಬೇಕು. ಉಗಿಬಂಡಿಗೆ ನಮಗೆ ಹತ್ತಿರ ಅಂದರೆ ನೀಲಗಿರಿ, ಊಟಿಯ ಗುಡ್ಡ ಹತ್ತುವ ಸಣ್ಣ ಹಳಿಯ ಬಂಡಿ. ಮಂಗಳೂರಿನಿಂದ ಕೊಯಮತ್ತೂರಿಗೆ ರೈಲು, ಅಲ್ಲಿಂದ ಮೇಟ್ಟುಪಾಳ್ಯಂ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಆರಕ್ಕೆಲ್ಲ ಸ್ಟೇಷನ್ನಿನಲ್ಲಿರಿ, ಬಂಡಿ ಏಳು ಗಂಟೆ ಕಳೆದು ಹೊರಡುತ್ತದೆ. ಟಿಕೆಟ್ ತುಂಬಾ ಮೊದಲೇ ಮಾಡಿಸಬೇಕು. ಅಕ್ಟೋಬರಿನಿಂದ ಡಿಸೆಂಬರಿನ ತನಕ ಅಲ್ಲಿ ಹಿಂಗಾರು ಮಳೆ, ಗುಡ್ಡ ಜರಿದರೆ ಬಂಡಿ ನಿಲ್ಲಿಸುತ್ತಾರೆ. ನಾನು ಹೋದದ್ದು ಜನವರಿಯಲ್ಲಿ. ಅದಕ್ಕೆ ಇನ್ನೊಂದು ಕಾರಣವೂ ಉಂಟು, ಚಳಿ ಇದ್ದರೆ ಮಾತ್ರ ಉಗಿ ಬೆಳ್ಳಗೆ, ದಪ್ಪಗೆ ಕಾಣುತ್ತದೆ. ಬಿಸಿಲು ಏರಿದ ಹಾಗೆ ಅದು ಗಾಳಿಯಲ್ಲಿ ಕರಗಿಬಿಡುತ್ತದೆ.

ಅಲ್ಲಿನದ್ದು ಎಕ್ಸ್ ಕ್ಲಾಸ್ ಇಂಜಿನ್. ಮೂಲ ಸ್ವಿಟ್ಜರ್‌ಲ್ಯಾಂಡಿನ ವಿಂಟರ್‌ಟೂರ್. ತಿರುಚ್ಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಅದೇ ಮಾದರಿಯಲ್ಲಿ ಹೊಸದನ್ನೂ ಕಟ್ಟಿದ್ದಾರೆ, ಈ ಕಾಲದಲ್ಲಿ ಉಗಿ ಇಂಜಿನ್ನನ್ನು ಹೊಸದಾಗಿ ಕಟ್ಟುವ ಕೈಗಳು ನಮ್ಮ ಪಕ್ಕದ ರಾಜ್ಯದಲ್ಲಿ ಇವೆ ಅನ್ನುವುದೇ ನನಗೆ ದೊಡ್ಡ ಸಂಗತಿ. ಘಟ್ಟ ಹತ್ತುವಾಗ ಇಂಜಿನ್ ಹಿಂದಿನಿಂದ ದೂಡುತ್ತದೆ. ಮುಂದಿನ ಡಬ್ಬಿಯ ಕಟ್ಟೆಯಲ್ಲಿ ಬಾವುಟ ಹಿಡಿದವರು ನಿಂತಿರುತ್ತಾರೆ. ಎದುರಿನಿಂದ ಫೋಟೋ ತೆಗೆದರೆ ಡಬ್ಬಿ ಮಾತ್ರ ಸಿಗುತ್ತದೆ, ಇಂಜಿನ್ ಸಿಗುವುದಿಲ್ಲ. ನನಗೆ ಇದು ಮೊದಲೇ ಗೊತ್ತಿತ್ತು, ಹಾಗಾಗಿ ಸೀಟು ಹಿಡಿದದ್ದು ಆದಷ್ಟು ಹಿಂದಿನ ಡಬ್ಬಿಯಲ್ಲಿ.

ಹೊರಡುವ ಮೊದಲು ನಡೆದದ್ದು ಈಗಲೂ ಕಣ್ಣಮುಂದಿದೆ. ತಣ್ಣಗಿದ್ದ ಸಿಲಿಂಡರಿನಲ್ಲಿ ಉಗಿ ನೀರಾಗಿ ನಿಂತಿರುತ್ತದೆ, ಅದನ್ನು ಹೊರಗೆ ಹಾಕದೆ ಹೊರಟರೆ ಸಿಲಿಂಡರಿಗೇ ಪೆಟ್ಟು. ಅದಕ್ಕೆ ಕೆಳಗಿನ ಕಾಕ್, ಅಂದರೆ ಸಣ್ಣ ನಲ್ಲಿ, ತೆರೆಯುತ್ತಾರೆ. ಬುಸ್ ಅಂತ ಎರಡೂ ಪಕ್ಕದಿಂದ ಬಿಳಿ ಉಗಿ ನೆಲದ ಮೇಲೆ ಉರುಳಿಕೊಂಡು ಬಂತು. ನನ್ನ ಮೊಣಕಾಲಿನ ತನಕ ಬೆಚ್ಚಗಾಯ್ತು. ಬಿಸಿ ಎಣ್ಣೆ ಮತ್ತು ಒದ್ದೆ ಕಬ್ಬಿಣದ ವಾಸನೆ. ಲೆನ್ಸ್ ಮಂಜಾಗಿ ಏನೂ ಕಾಣಲಿಲ್ಲ. ಆಗ ಬೇರೆ ದಾರಿ ಇಲ್ಲದೆ ಕೇಳಿದೆ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಸುತ್ತಿದರೆ ಹೊಗೆ ಕೊಳವೆಯಿಂದ ನಾಲ್ಕು ಸಲ ಉಸಿರು ಬರುತ್ತದೆ. ಚುಫ್, ಚುಫ್, ಚುಫ್, ಚುಫ್. ನಮ್ಮಲ್ಲಿ ಯಕ್ಷಗಾನ ಆಟದ ಚಂಡೆ ಮೊದಲು ಬಿಡಿಬಿಡಿಯಾಗಿ ಬಿದ್ದು ಆಮೇಲೆ ಹತ್ತಿರ ಹತ್ತಿರ ಬರುತ್ತದಲ್ಲ, ಹಾಗೆ. ಪ್ರತಿ ಉಸಿರು ಮುಗಿದ ಅರೆಗಳಿಗೆಗೆ ಹೊಗೆ ಎಲ್ಲಕ್ಕಿಂತ ಎತ್ತರ ಇರುತ್ತದೆ. ಪೆಟ್ಟು ಎಣಿಸಿ ಒತ್ತಿದರೆ ಚಂದದ ಫೋಟೋ, ಸುಮ್ನೆ ಒತ್ತಿದರೆ ಖಾಲಿ ಆಕಾಶ.

ಕಲ್ಲಾರ್ ಸ್ಟೇಷನ್ನಿನ ಆಚೆ ಹಲ್ಲಿನ ಹಳಿ ಶುರು, ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಇಂಜಿನ್ನಿನ ಹಲ್ಲಿನ ಚಕ್ರ ಕಚ್ಚಿಕೊಂಡು ಹತ್ತುವುದು. ಹನ್ನೆರಡು ಅಡಿ ಚಿಲ್ಲರೆ ಮುಂದೆ ಹೋದರೆ ಒಂದು ಅಡಿ ಮೇಲೆ, ಅಂಥ ಏರು. ನಮ್ಮ ಸುಬ್ರಹ್ಮಣ್ಯ-ಸಕಲೇಶಪುರ ಘಟ್ಟದಲ್ಲಿ ಐವತ್ತು ಅಡಿಗೆ ಒಂದು ಅಡಿ, ಅದನ್ನೇ ನಾವು ಕಡಿದು ಅನ್ನುತ್ತೇವೆ. ಹಲ್ಲಿಗೆ ಹಲ್ಲು ಕೂತ ಕೂಡಲೇ ಇಂಜಿನ್ನಿನ ದನಿ ಪೂರ್ತಿ ಬದಲಾಗುತ್ತದೆ. ಅಲ್ಲಿಯ ತನಕ ಎರಡೇ ಸಿಲಿಂಡರ್ ಕೆಲಸ ಮಾಡುತ್ತಿದ್ದವು. ಈಗ ಅವು ಬಳಸಿ ಬಿಟ್ಟ ಉಗಿಯಲ್ಲೇ ಇನ್ನೆರಡು ದುಡಿಯುತ್ತವೆ, ಹಲ್ಲಿನ ಚಕ್ರ ತಿರುಗಿಸಲು. ಪಕ್ಕದಲ್ಲಿದ್ದ ಹುಡುಗಿ ಒಬ್ಬಳು ಇದನ್ನು ಗಮನಿಸಿ ಅಮ್ಮನ ಕೈ ಹಿಡಿದು ಎಳೆದಳು, "ಈಗ ಬೇರೆ ಥರ ಕೇಳ್ತಿದೆ" ಅಂತ ಕನ್ನಡದಲ್ಲೇ. ಹಿಲ್‌ಗ್ರೋವ್‌ನಲ್ಲಿ ನೀರು ಕುಡಿಸಲು ನಿಲ್ಲಿಸಿದಾಗ ಇಳಿದು ಇಂಜಿನ್ ಹತ್ತಿರ ನಿಂತೆ. ನಿಂತಾಗಲೂ ಅದು ಸುಮ್ಮನಿರುವುದಿಲ್ಲ, ಒಳಗೆ ಏನೋ ಕುದಿಯುತ್ತಾ, ಟಿಕ್ ಟಿಕ್ ಅನ್ನುತ್ತಾ ಇರುತ್ತದೆ.

ಆ ಪ್ರವಾಸದಿಂದ ತಂದ 600 ಫೋಟೋಗಳಲ್ಲಿ ನಾನು ಇಟ್ಟುಕೊಂಡದ್ದು ಒಂಬತ್ತು. ಒಂಬತ್ತೂ ಪೆಟ್ಟು ಎಣಿಸಿ ತೆಗೆದವು.

ಊರಿಗೆ ಬಂದ ಮೇಲೆ ಆದ ಒಂದು ತಪ್ಪು ಹೇಳಲೇಬೇಕು. 2022ರಲ್ಲಿ ಕೊಂಕಣ ದಾರಿ ಪೂರ್ತಿ ವಿದ್ಯುತ್ ಆಯ್ತು. ಅದೇ ಮಳೆಗಾಲ, ಒಂದು ಲೆವೆಲ್ ಕ್ರಾಸಿಂಗಿನ ಹತ್ತಿರ ಹಳಿಯ ಬದಿಗೆ ಬಗ್ಗಿ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತುತ್ತಿದ್ದೆ. ಸದ್ದು ಇಲ್ಲ, ಹಾಗಾಗಿ ಗಾಡಿ ದೂರ ಉಂಟು ಅಂತ ನನ್ನ ಕಿವಿ ಹೇಳಿತು. ಗೇಟಿನವರು "ಓಯ್, ಈಚೆ ಬನ್ನಿ!" ಅಂತ ಕೂಗಿದರು. ಈಚೆ ಬಂದು ತಿರುಗಿದಾಗ ಇಂಜಿನ್ ತಿರುವಿನಲ್ಲಿತ್ತು. ಮಳೆ ಸದ್ದಿನಲ್ಲಿ ಅದನ್ನು ತಂಪು ಮಾಡುವ ಬ್ಲೋವರಿನ ಗಾಳಿ ಸದ್ದು ಕೇಳಿಯೇ ಇರಲಿಲ್ಲ. ಕೈ ನಡುಗಿ ಆ ದಿನ ಒಂದೂ ಫೋಟೋ ತೆಗೆಯಲಿಲ್ಲ. ಡೀಸೆಲ್ಲಿಗೆ ಪಳಗಿದ ಕಿವಿ ವಿದ್ಯುತ್ ಇಂಜಿನ್ನಿಗೆ ಸಾಲುವುದಿಲ್ಲ, ದಯವಿಟ್ಟು ಇದನ್ನು ನೆನಪಿಡಿ. ಅಂದಿನಿಂದ ನಾನು ರೈಲ್ವೆ ಜಾಗದ ಒಳಗೆ ಕಾಲಿಡುವುದಿಲ್ಲ. ಅನುಮತಿ ಇಲ್ಲದೆ ಹಳಿ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅಪರಾಧ, ಜೈಲು ಕೂಡ ಆಗಬಹುದು. ಸುಬ್ರಹ್ಮಣ್ಯ-ಸಕಲೇಶಪುರ ಘಟ್ಟದ ಯಡಕುಮೇರಿ ಕಡೆ ಹಳಿ ಮೇಲೆ ನಡೆಯುವ ಆಸೆ ಹಲವರಿಗೆ. 55 ಕಿ.ಮೀ.ಗೆ 57 ಸುರಂಗ ಇರುವ ದಾರಿ ಅದು, ಓಡಲು ಜಾಗವೇ ಇಲ್ಲ. ರೈಲಿನ ಒಳಗಿಂದ ತೆಗೆಯಿರಿ. ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಡಬ್ಬಿಯಲ್ಲಿ ಗಾಜಿಗೆ ಕಪ್ಪು ಬಟ್ಟೆ ಒತ್ತಿ ಹಿಡಿದು ಅದರ ನಡುವೆ ಲೆನ್ಸ್ ಇಟ್ಟರೆ ಒಳಗಿನ ದೀಪ ಮೂಡುವುದಿಲ್ಲ. ಮೇಲ್ಸೇತುವೆಯಿಂದ ತೆಗೆಯುವವರು ಸೆಲ್ಫಿ ಕೋಲು, ಕಬ್ಬಿಣದ ಟ್ರೈಪಾಡ್ ಎತ್ತಲೇಬೇಡಿ. ಕೆಳಗಿನ ತಂತಿಯಲ್ಲಿ 25,000 ವೋಲ್ಟ್ ಉಂಟು.

ತಂತಿ ಕಂಬ ಫೋಟೋ ಕೆಡಿಸಿತು ಅಂತ ಬೇಸರ ಮಾಡುವವರ ಮಾತು ನನಗೆ ಅರ್ಥ ಆಗುತ್ತದೆ. ಕಂಬಕ್ಕೂ ಕಂಬಕ್ಕೂ ನಡುವೆ ಇಂಜಿನ್ ಮತ್ತು ಒಂದು ಡಬ್ಬಿ ಕೂರುವಷ್ಟು ಜಾಗ ಇದ್ದೇ ಇರುತ್ತದೆ. ಕಂಬ ನೋಡಿ ಮೊದಲೇ ಜಾಗ ಗುರುತು ಮಾಡಿಕೊಂಡರೆ ಆಯ್ತು.

ಈಗ ನಾನು ಪ್ರತಿ ಸಲ ಫೋಟೋ ಜೊತೆ ಎರಡು ನಿಮಿಷ ಸದ್ದನ್ನೂ ಫೋನಿನಲ್ಲಿ ಹಿಡಿದಿಡುತ್ತೇನೆ. ಹಳೇ ಆಲ್ಕೋದ್ದು ನನ್ನ ಹತ್ತಿರ ಒಂದೇ ಒಂದು ಉಂಟು, ಹಿಂದೆ ಯಾರದೋ ಮಾತು, ಕಾಗೆ ಕೂಗು. ಇನ್ನೂ ಹತ್ತು ಇರಬೇಕಿತ್ತು ಅಂತ ಈಗ ಹೊಟ್ಟೆ ಉರಿಯುತ್ತದೆ. ಕಳೆದ ವಾರ ಸಂಜೆ ಸ್ವರ್ಣೆಯ ಹತ್ತಿರ ಸುರತ್ಕಲ್ಲಿನಿಂದ ಹೊರಟ ರೋ-ರೋ ಬಂಡಿ ಸಿಕ್ಕಿತು. ಅದೇ, ಲಾರಿಗಳನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ಹೊತ್ತುಕೊಂಡು ಹೋಗುವುದು, 1999ರಿಂದ ನಡೆಯುತ್ತಾ ಇದೆ. ಇಂಜಿನ್ ಸದ್ದಿಲ್ಲದೆ ದಾಟಿತು. ಆಮೇಲೆ ಕೇಳಿತು ನೋಡಿ, ಒಂದರ ಹಿಂದೆ ಒಂದು ಲಾರಿಯ ಟಾರ್ಪಲ್ ಗಾಳಿಗೆ ಪಟಪಟ ಬಡಿಯುವ ಸದ್ದು, ನಡುವೆ ಒಂದು ಕ್ಯಾಬಿನ್ನಿನಿಂದ ಡ್ರೈವರ್ ಕೈ ಹೊರಗೆ ಹಾಕಿ ಏನೋ ಕೂಗಿದ್ದು. ಕೊನೆಯ ವ್ಯಾಗನ್ ಸೇತುವೆ ದಾಟುವ ತನಕ ಫೋನ್ ಹಿಡಿದು ನಿಂತಿದ್ದೆ. ಅಜ್ಜ ಮನೆಯ ಜಗಲಿಯಿಂದ, "ಇದಕ್ಕೆ ಲಾರಿ ಕಮ್ಮಿ ಉಂಟು ಇವತ್ತು" ಅಂದರು. ಅವರು ಕೂತಲ್ಲಿಂದ ಹಳಿ ಕಾಣುವುದಿಲ್ಲ.