ಬ್ಯಾಟರಿ ಸತ್ತರೂ ನಿಲ್ಲದ ಕ್ಯಾಮೆರಾ: ಆರಿಸುವುದು ಹೇಗೆ, ಬಳಸುವುದು ಹೇಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಉರಿಬಿಸಿಲಿನಿಂದ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಪಳಗಿದಂತೆ ಕಡೆದ ಕಂಬಗಳು ಕಾಣುತ್ತವೆ, ಆಮೇಲೆ ಅವುಗಳ ಮೇಲಿನ ಮದನಿಕೆಯರು. ಮೊಬೈಲು ಆ ಕತ್ತಲನ್ನು ತಾನೇ ಬೆಳಗಿಸಿಬಿಡುತ್ತದೆ. ನನಗೆ ಬೇಕಾದದ್ದು ಆ ಕತ್ತಲೇ. ಎಷ್ಟು ಬೆಳಕು ಒಳಗೆ ಬಿಡಬೇಕೆಂದು ನಾನೇ ತೀರ್ಮಾನಿಸಲೆಂದು ಮ್ಯಾನುಯಲ್ ರೀಲು ಕ್ಯಾಮೆರಾ ಹಿಡಿದೆ. ಹಕ್ಕಿ ಹಿಡಿಯುವವರು, ಮದುವೆ ತೆಗೆಯುವವರು ಡಿಜಿಟಲ್‌ನಲ್ಲೇ ಇರಲಿ. ಅಲ್ಲಿ ಅದೇ ಸರಿ.

ಮೊದಲು ಆಯ್ಕೆ. ಹಳೆಯ ಫಿಲಂ ಕ್ಯಾಮೆರಾ ಎಂದಾಕ್ಷಣ ಎಲ್ಲವೂ ಮ್ಯಾನುಯಲ್ ಅಲ್ಲ. 1976ರಲ್ಲಿ ಬಂದ ಕ್ಯಾನನ್ ಎಇ-1ರ ಶಟರ್, ಅಂದರೆ ರೀಲಿನ ಮುಂದೆ ತೆರೆದು ಮುಚ್ಚುವ ಪರದೆ, ಬ್ಯಾಟರಿ ಇಲ್ಲದೆ ಬೀಳುವುದೇ ಇಲ್ಲ. ಅದೇ ವರ್ಷದ ಪೆಂಟಾಕ್ಸ್ ಕೆ1000ದಲ್ಲಿ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಸೂಜಿಗೆ ಮಾತ್ರ. 1982ರ ನಿಕಾನ್ ಎಫ್ಎಂ2 ಕೂಡ ಹಾಗೆಯೇ. ಬ್ಯಾಟರಿ ತೆಗೆದರೂ ಸೆಕೆಂಡಿನ 1/4000 ಭಾಗದವರೆಗೆ ಓಡುತ್ತದೆ. ಸರ್ಕ್ಯೂಟ್ ಸುಟ್ಟ ಆಟೊಮ್ಯಾಟಿಕ್‌ಗೆ ಬಿಡಿಭಾಗ ಸಿಗುವುದು ಕಷ್ಟ. ಹಲ್ಲುಚಕ್ರ, ಸ್ಪ್ರಿಂಗ್‌ಗಳ ಯಂತ್ರವನ್ನು ತಿಳಿದವರು ಬಿಚ್ಚಿ ಸರಿಮಾಡಿ ಕೊಡಬಲ್ಲರು.

ಕೊಳ್ಳುವ ಮುಂಚೆ ಲೆನ್ಸನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲ ಮುಗಿಯುವುದರೊಳಗೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತೇ? ಜೇಡರ ಬಲೆಯಂತೆ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಮೇಲ್ಮೈಯಲ್ಲಿದ್ದರೆ ಒರೆಸಿದರೆ ಹೋಗುತ್ತದೆ, ಗಾಜನ್ನೇ ತಿಂದಿದ್ದರೆ ಕಲೆ ಹೋಗುವುದಿಲ್ಲ. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹೀರಿ ಇಟ್ಟುಕೊಳ್ಳುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಆಗಾಗ ಹೊರಗೆ ತೆಗೆದು ಬಳಸುವುದು ಅದಕ್ಕಿಂತ ಒಳ್ಳೆಯದು.

ಕೊಳ್ಳುವ ಮುಂಚೆಯೇ ಕ್ಯಾಮೆರಾದ ಹಿಂಬಾಗಿಲು ತೆರೆದು ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ನಡುವೆ ಸಿಕ್ಕಿಕೊಂಡರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಬಾಗಿಲಂಚಿನ ಸ್ಪಂಜು ಬೆರಳಿಗೆ ಕಪ್ಪಗೆ ಅಂಟಿದರೆ ಬದಲಿಸಬೇಕು, ಇಲ್ಲದಿದ್ದರೆ ಬೆಳಕು ಸೋರುತ್ತದೆ.

ರೀಲು ತುಂಬುವಾಗ ತುದಿಯನ್ನು ಬಲಗಡೆಯ ಸುರುಳಿಗೆ ಸಿಕ್ಕಿಸಿ, ಬಾಗಿಲು ಮುಚ್ಚಿ, ಎಡಗಡೆಯ ಗುಬುಟನ್ನು ಮೆಲ್ಲಗೆ ಸುತ್ತಿ ಸಡಿಲ ತೆಗೆಯಿರಿ. ಆಮೇಲೆ ರೀಲನ್ನು ಮುಂದೆ ಸರಿಸುವ ಲಿವರ್ ಎಳೆದಾಗ ಆ ಗುಬುಟು ತಾನಾಗಿ ತಿರುಗಬೇಕು. ಬೇಲೂರಿನ ತೇರಿನ ದಿನ ನಾನು ಇದನ್ನು ನೋಡಿಕೊಳ್ಳದೆ 36 ಸಲ ಒತ್ತಿದ್ದೆ. ಒಳಗೆ ರೀಲು ಕದಲಿರಲೇ ಇಲ್ಲ. ಇಂದಿಗೂ ಆ ಬೇಸರ ಹೋಗಿಲ್ಲ.

ಇನ್ನು ಬೆಳಕು. ಐಎಸ್ಒ (ಬೆಳಕಿಗೆ ರೀಲಿನ ಸೂಕ್ಷ್ಮತೆಯ ಅಳತೆ) 400ರ ಕಪ್ಪುಬಿಳುಪು ರೀಲಿನಿಂದ ಶುರು ಮಾಡಿ. ನೇರ ಬಿಸಿಲಿಗೆ ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/16, ಶಟರ್ 1/500. ತೆಳುಮೋಡಕ್ಕೆ ಎಫ್/11, ದಟ್ಟ ಮೋಡಕ್ಕೆ ಎಫ್/5.6. ಕಾಫಿತೋಟದ ಸಿಲ್ವರ್ ಓಕ್ ನೆರಳಿಗೆ ಎಫ್/4 ಇಟ್ಟು ಶಟರನ್ನು 1/125ಕ್ಕೆ ಇಳಿಸಿ. ನೆರಳು ಒತ್ತಾಗಿದ್ದರೆ 1/60.

ಬೆಳಕು ಅಳೆಯುವ ಸೂಜಿಯನ್ನು ಪೂರ್ತಿ ನಂಬಬಾರದು. ಅದಕ್ಕೆ ಜಗತ್ತೆಲ್ಲ ನಡುಬೂದು. ಕಾಫಿ ಹೂಬಿಟ್ಟ ಗಿಡದತ್ತ ಹಿಡಿದರೆ ಆ ಬಿಳುಪನ್ನು ಬೂದು ಮಾಡಲು ಹೊರಡುತ್ತದೆ. ಆಗ ಸೂಜಿ ಹೇಳಿದ್ದಕ್ಕಿಂತ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಹೆಚ್ಚು ತೆರೆಯಿರಿ. ಮುಳ್ಳಯ್ಯನಗಿರಿಯ ಮಂಜಿಗೂ ಇದೇ ಲೆಕ್ಕ. ನವರಂಗದಲ್ಲಾದರೆ ಬಾಗಿಲ ಬೆಳಕನ್ನು ಚೌಕಟ್ಟಿನಿಂದ ಹೊರಗಿಟ್ಟು ಕಲ್ಲನ್ನಷ್ಟೇ ಅಳೆಯಿರಿ. ಶಟರ್ 1/15ಕ್ಕೆ ಇಳಿಯಬಹುದು. ನೆಲದ ಮೇಲೆ ಕುಳಿತು ಮೊಣಕೈಗಳನ್ನು ಮಂಡಿಗೆ ಊರಿ, ಉಸಿರು ಬಿಡುತ್ತಾ ಒತ್ತಿ.

ರೀಲು ಮುಗಿದಾಗ ಲಿವರ್ ಬಿಗಿಯಾಗುತ್ತದೆ. ಬಲವಂತ ಬೇಡ. ತಳದ ಪುಟ್ಟ ಗುಂಡಿ ಒತ್ತಿ, ಎಡಗಡೆಯ ಹಿಡಿಯನ್ನು ಬಾಣದ ದಿಕ್ಕಿಗೆ ಸುತ್ತಿ. ಕೈಗೆ ಹಗುರಾದ ಮೇಲೆ ಇನ್ನೆರಡು ಸುತ್ತು ಹಾಕಿ, ನೆರಳಿನಲ್ಲಿ ನಿಂತು ಬಾಗಿಲು ತೆರೆಯಿರಿ. ತೊಳೆಯಲು ಕಳಿಸುವಾಗ ಡಬ್ಬಿಯ ಮೇಲೆ ಊರು, ತಾರೀಕು ಬರೆಯಿರಿ. ಸ್ಕ್ಯಾನ್ ಮಾತ್ರ ಕಳಿಸಿ ಸುಮ್ಮನಾಗುವ ಲ್ಯಾಬಿನವರೂ ಇದ್ದಾರೆ, ನೆಗೆಟಿವ್ ವಾಪಸ್ ಬೇಕೆಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಿ.