ಫುಟ್‌ಬಾಲ್ ತಂಡವಿಲ್ಲದ ಕಾಲೇಜು

2019ರ ಯುಗಾದಿ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಹೋಳಿಗೆಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು: “ಫುಟ್‌ಬಾಲ್ ತಂಡವೂ ಇಲ್ಲದ ಕಾಲೇಜಿಗೆ ಮಗಳನ್ನು ಕಳಿಸುತ್ತೀರಾ? ಅವಳಿಗೆ ಅಲ್ಲಿ ಸೀಟು ಸಿಕ್ಕಿದೆಯಂತಲ್ಲ?” ‘ಅಲ್ಲಿ’ ಎಂದರೆ ಅಮೆರಿಕದ ಪೂರ್ವ ಕರಾವಳಿಯ ಒಂದು ಕಾಲೇಜು. ಹೆಸರು ಹೇಳಿದರೆ ಹಾಸನದಲ್ಲಿರುವ ನಮ್ಮ ಅತ್ತೆಗೂ ಗೊತ್ತಾಗುವಂಥದ್ದು. ನಾವು ಆರಿಸಿದ್ದು ಟೆಕ್ಸಾಸಿನ ರಿಚರ್ಡ್‌ಸನ್‌ನ ಯುಟಿ ಡಲ್ಲಾಸ್ ವಿಶ್ವವಿದ್ಯಾಲಯ. ಪ್ಲೇನೋದ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಚೆಸ್‌ಗೆ ಹೆಸರುವಾಸಿ, ಫುಟ್‌ಬಾಲ್ ತಂಡ ನಿಜಕ್ಕೂ ಇಲ್ಲ.

ಆ ಮಗಳು ಈಗ ಗ್ಯಾಲ್ವೆಸ್ಟನ್‌ನಲ್ಲಿ, ಟೆಕ್ಸಾಸಿನ ಅತ್ಯಂತ ಹಳೆಯ ವೈದ್ಯಕೀಯ ಕಾಲೇಜಿನಲ್ಲಿ, ವೈದ್ಯ ಪರವಾನಗಿಯ ಮೊದಲ ಪರೀಕ್ಷೆಯಾದ ಸ್ಟೆಪ್ 1 ಮುಗಿಸಿ ವಾರ್ಡುಗಳಲ್ಲಿ ಓಡಾಡುತ್ತಿದ್ದಾಳೆ. ಇಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವುದು ನಾಲ್ಕು ವರ್ಷದ ಪದವಿಯ ಮೇಲೆ. ಡಾಕ್ಟರಾಗಬೇಕೆನ್ನುವ ಮಕ್ಕಳಿಗೆ ಆ ಪದವಿಯ ಕಾಲೇಜನ್ನು ಹೇಗೆ ಆರಿಸುವುದು ಎಂದು ಬರೆಯುವ ಧೈರ್ಯ ಹಾಗಾಗಿ ಬಂದಿದೆ.

ಸೋತ ಕಥೆಯಿಂದ ಶುರು ಮಾಡುತ್ತೇನೆ. ನಾನು ಬುದ್ಧಿ ಕಲಿತದ್ದು ಮಗನ ಖರ್ಚಿನಲ್ಲಿ. ಡಾಕ್ಟರಾಗಬೇಕೆಂದು ಅವನು 2014ರಲ್ಲಿ ದೊಡ್ಡ ಹೆಸರಿನ ಖಾಸಗಿ ಕಾಲೇಜೊಂದಕ್ಕೆ ಸೇರಿದ. ವರ್ಷಕ್ಕೆ 62 ಸಾವಿರ ಡಾಲರ್ ಚಿಲ್ಲರೆ, ವಿದ್ಯಾರ್ಥಿವೇತನ ಸೊನ್ನೆ. ಹೈಸ್ಕೂಲಿನಲ್ಲಿ ಎಂದೂ ‘ಬಿ’ ನೋಡದ ಹುಡುಗ ಎರಡನೆಯ ವರ್ಷದ ನವೆಂಬರಿನ ಒಂದು ರಾತ್ರಿ ಫೋನ್ ಮಾಡಿದ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ 71 ಬಂದಿತ್ತು, ತರಗತಿಯ ಸರಾಸರಿ 78. ಇಡೀ ತರಗತಿಗೆ ಹೋಲಿಸಿ ದರ್ಜೆ ಕೊಡುವ ಕರ್ವ್ ಹಾಕಿದರೆ ಸಿ ಪ್ಲಸ್. “ಅಮ್ಮಾ, ಇಲ್ಲಿ ಎಲ್ಲರೂ ನನ್ನ ಹಾಗೆಯೇ ಮೊದಲನೆಯವರಾಗಿದ್ದವರು” ಎಂದ. ನಾನು “ಇನ್ನೂ ಸ್ವಲ್ಪ ಓದು” ಎಂದೆ. ಅಷ್ಟು ಪೆದ್ದು ಉತ್ತರವನ್ನು ನಾನು ಬೇರೆ ಯಾರಿಗೂ ಕೊಟ್ಟಿಲ್ಲ.

ಕೊನೆಗೆ ಅವನ ಜಿಪಿಎ, ಅಂದರೆ ಒಟ್ಟು ದರ್ಜೆಯ ಸರಾಸರಿ, ನಾಲ್ಕಕ್ಕೆ 3.3ರ ಆಸುಪಾಸಿನಲ್ಲಿ ನಿಂತಿತು. ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕುವ ಹೊತ್ತಿಗೆ ಕಾಲೇಜಿನ ಕಮಿಟಿ ಅವನಿಗೆ ಶಿಫಾರಸು ಪತ್ರ ಕೊಡಲು ಒಪ್ಪಲಿಲ್ಲ. “ನಮ್ಮ ಪ್ರೀ-ಮೆಡ್ (ವೈದ್ಯಕೀಯಕ್ಕೆ ಸಿದ್ಧವಾಗುವ) ವಿದ್ಯಾರ್ಥಿಗಳಲ್ಲಿ ನೂರಕ್ಕೆ 85 ಮಂದಿಗೆ ಸೀಟು ಸಿಗುತ್ತದೆ” ಎಂದು ಅವರು ಹೇಳಿಕೊಳ್ಳುತ್ತಿದ್ದುದರ ಮರ್ಮ ಆಗ ತಿಳಿಯಿತು. ಸೋಲುವಂತೆ ಕಾಣುವವರನ್ನು ಅರ್ಜಿಗೆ ಮೊದಲೇ ಜರಡಿ ಹಿಡಿದರೆ ಉಳಿದವರಲ್ಲಿ 85 ಏನು, 95 ಕೂಡ ಬರುತ್ತದೆ. ಪ್ರಾಧ್ಯಾಪಕರ ಹಿಂದೆ ಅಲೆದು ಬಿಡಿ ಪತ್ರಗಳನ್ನು ತಂದ. ಎಎಂಸಿಎಎಸ್ ಎಂಬ ದೇಶವ್ಯಾಪಿ ಅರ್ಜಿ ವ್ಯವಸ್ಥೆಯ ಮೂಲಕ 22 ಕಾಲೇಜು, ಜೊತೆಗೆ ಟೆಕ್ಸಾಸಿನವು. ಅರ್ಜಿ, ಆಮೇಲೆ ಕಾಲೇಜುಗಳು ಬೇರೆಯಾಗಿ ಕೇಳುವ ಸೆಕೆಂಡರಿ ಅರ್ಜಿ ಎಲ್ಲ ಸೇರಿ ನಾಲ್ಕು ಸಾವಿರ ಡಾಲರ್‌ಗೆ ಹತ್ತಿರ. ಒಂದೂ ಸಂದರ್ಶನ ಬರಲಿಲ್ಲ. ನಾಲ್ಕು ವರ್ಷಕ್ಕೆ ಒಟ್ಟು ಎರಡೂವರೆ ಲಕ್ಷ ಡಾಲರ್ ಆಗಿತ್ತು. ಅದರಲ್ಲಿ ಒಂದು ಲಕ್ಷದಷ್ಟು ನನ್ನ ಹೆಸರಿನ ಸಾಲ, ಇನ್ನೂ ತೀರಿಲ್ಲ. ಮಗ ಈಗ ವಿಮಾ ಕಂಪನಿಯೊಂದರಲ್ಲಿ ದತ್ತಾಂಶದ ಕೆಲಸ ಮಾಡುತ್ತಾನೆ, ನಮ್ಮೆಲ್ಲರಿಗಿಂತ ನೆಮ್ಮದಿಯಾಗಿದ್ದಾನೆ. ಅದು ಬೇರೆ ಮಾತು.

ಅವನ ಕೊನೆಯ ತಿರಸ್ಕಾರ ಪತ್ರ ಬಂದದ್ದೂ ಮಗಳ ಕಾಲೇಜು ಆರಿಸುವ ಕಾಲವೂ ಒಂದೇ ವಸಂತದಲ್ಲಿ ಸೇರಿಕೊಂಡವು. ನಾನು ವೃತ್ತಿಯಲ್ಲಿ ಲೆಕ್ಕಪರಿಶೋಧಕಿ. ಈ ಸಲ ರ‍್ಯಾಂಕಿಂಗ್ ಪಟ್ಟಿಗಳನ್ನು ಬದಿಗಿಟ್ಟು ಆರು ಕಾಲೇಜುಗಳ ಆರೋಗ್ಯ-ವೃತ್ತಿ ಸಲಹಾ ಕಚೇರಿಗಳಿಗೆ ನೇರವಾಗಿ ಹೋದೆ, ಇಲ್ಲವೇ ಫೋನ್ ಮಾಡಿದೆ. ಮುಖ್ಯ ಪ್ರಶ್ನೆ ಒಂದೇ: ಮೊದಲ ವರ್ಷ ‘ನಾನು ಪ್ರೀ-ಮೆಡ್’ ಎಂದು ಬಂದವರೆಷ್ಟು, ಅವರಲ್ಲಿ ಕೊನೆಗೆ ಅರ್ಜಿ ಹಾಕಿದವರೆಷ್ಟು? ಒಂದು ಕಡೆ ಸಲಹೆಗಾರ್ತಿ ಮೇಜಿನ ಮೇಲಿದ್ದ ಪುದೀನ ಮಿಠಾಯಿಯ ಬಟ್ಟಲನ್ನು ನನ್ನತ್ತ ಸರಿಸಿ, “ಆ ಲೆಕ್ಕ ನಾವು ಇಡುವುದಿಲ್ಲ” ಎಂದರು. ಲೆಕ್ಕ ಇಡದವರ ಹತ್ತಿರ ಶೇಕಡಾವಾರು ಮಾತ್ರ ಹೇಗೆ ಬಂತು ಎಂದು ಕೇಳಿದೆ. ಮಿಠಾಯಿ ತಿಂದು ಎದ್ದು ಬಂದೆ. ಎರಡನೆಯ ಪ್ರಶ್ನೆ, ಪತ್ರ ಬೇಡಿದವರಿಗೆಲ್ಲ ಪತ್ರ ಕೊಡುತ್ತೀರಾ ಎಂಬುದು. ಮೂರನೆಯ ಪ್ರಶ್ನೆಯಿಂದ ಕಾಲೇಜಿನ ಸತ್ಯವೆಲ್ಲ ಹೊರಗೆ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅವರು ಉತ್ತರ ಬಾಯಿಪಾಠ ಮಾಡಿಬಿಡುತ್ತಾರೆ.

ಇದನ್ನೆಲ್ಲ ತೂಗಿ ನೋಡಲು ಮಾಡಿದ ನನ್ನ ಲೆಕ್ಕದ ಹಾಳೆಯಲ್ಲಿ ತಕ್ಕಡಿಯನ್ನು ವಾಲಿಸಿದ್ದು ನಾವು ಟೆಕ್ಸಾಸ್ ನಿವಾಸಿಗಳು ಎಂಬುದು. ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳು ನೂರಕ್ಕೆ 90 ಸೀಟುಗಳನ್ನಾದರೂ ರಾಜ್ಯದವರಿಗೆ ಕೊಡಬೇಕೆಂದು ಕಾನೂನೇ ಇದೆ. ಬೋಧನಾ ಶುಲ್ಕ ವರ್ಷಕ್ಕೆ 20 ಸಾವಿರದ ಆಚೀಚೆ. ಹೊರಗಿನ ಖಾಸಗಿ ಕಾಲೇಜುಗಳಲ್ಲಿ ಅದರ ಮೂರು ಪಟ್ಟು. ಟೆಕ್ಸಾಸಿನದೇ ಅರ್ಜಿ ವ್ಯವಸ್ಥೆಯಾದ ಟಿಎಂಡಿಎಸ್‌ಎಎಸ್‌ನಲ್ಲಿ ಎಷ್ಟು ಕಾಲೇಜುಗಳನ್ನು ಆರಿಸಿದರೂ ಅರ್ಜಿ ಶುಲ್ಕ ಒಂದೇ, ಇನ್ನೂರು ಡಾಲರ್ ಚಿಲ್ಲರೆ. ಪದವಿಗೆ ಪೂರ್ವ ಕರಾವಳಿಗೆ ಹೋದರೂ ನಿವಾಸಿ ಪಟ್ಟ ಉಳಿಯುತ್ತದೆ, ನಿಜ. ಆದರೆ ಮೂರು ಲಕ್ಷ ಸುರಿದು ಅಲ್ಲಿಂದ ವಾಪಸ್ಸು ಇದೇ ಬಾಗಿಲಿಗೆ ಬಂದು ನಿಲ್ಲುವುದಾದರೆ ಹೋಗುವುದೇಕೆ? ಯುಟಿ ಡಲ್ಲಾಸ್ ಪೂರ್ಣ ಬೋಧನಾ ಶುಲ್ಕ ಬಿಟ್ಟುಕೊಟ್ಟು ಮೇಲೊಂದಿಷ್ಟು ಕೈಖರ್ಚಿಗೂ ಕೊಟ್ಟಿತು. ನಾಲ್ಕು ವರ್ಷಕ್ಕೆ ನಮ್ಮ ಕೈಯಿಂದ ಹೋದದ್ದು ಸುಮಾರು 30 ಸಾವಿರ. ಅದರಲ್ಲಿ ಕೋವಿಡ್ ಕಾಲದಲ್ಲಿ ಮನೆಯಲ್ಲೇ ಉಳಿದು ಉಳಿಸಿದ ಬಾಡಿಗೆಯ ಪುಣ್ಯವೂ ಇದೆ.

ನಡುವೆ ದಾವಣಗೆರೆಯ ಮೈದುನ “ಇಲ್ಲೇ ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಮಾಡಿಸಿ” ಎಂದು ಹಟ ಹಿಡಿದಿದ್ದ. ಅದನ್ನೂ ಹಾಳೆಗೆ ಹಾಕಿ ನೋಡಿದೆ. ಕೋಟಾ ಆದರೂ ನೀಟ್ ಬರೆಯಲೇಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಮಗೆ ಹೇಳಿದ ಶುಲ್ಕ ವರ್ಷಕ್ಕೆ 35–40 ಲಕ್ಷ ರೂಪಾಯಿ. ಆಮೇಲೆ ಇಲ್ಲಿಗೆ ಬಂದು ವಿದೇಶಿ ಪದವೀಧರೆಯಾಗಿ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಗೆ ಸಾಲಿನಲ್ಲಿ ನಿಲ್ಲಬೇಕು. ಹದಿನೈದು ದಿನದ ಸಂಜೆಗಳನ್ನು ಅದಕ್ಕೆ ಕಳೆದೆ. ಮೈದುನ ಒಂದು ವರ್ಷ ಮಾತು ಬಿಟ್ಟಿದ್ದ.

ಸಣ್ಣ ಹೆಸರಿನ ಕಾಲೇಜು ಎಂದರೆ ಸುಲಭ ಎಂದುಕೊಳ್ಳಬೇಡಿ. ಅಲ್ಲಿಯೂ ಪ್ರೀ-ಮೆಡ್ ಹಿಂಡು ದೊಡ್ಡದು, ಅರ್ಧ ಮಂದಿ ನಮ್ಮಂಥ ಮನೆಗಳವರೇ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಲ್ಲಿ ಐದಕ್ಕೆ 5 ಬಂದಿದ್ದರೂ ಕೆಮಿಸ್ಟ್ರಿ, ಬಯಾಲಜಿಗಳನ್ನು ಮತ್ತೆ ಮೊದಲಿನಿಂದ ಓದಿಸಿದೆ. ಎರಡರಲ್ಲೂ ‘ಎ’ ಬಂತು, ಅಡಿಪಾಯವೂ ಗಟ್ಟಿಯಾಯಿತು. ಇಂಗ್ಲಿಷ್, ಭೌತಶಾಸ್ತ್ರದ ಎಪಿ ಮಾತ್ರ ಕಾಲೇಜಿನ ಪಾಠದ ಬದಲಿಗೆ ಬಳಸಿಕೊಂಡೆವು. ಟೆಕ್ಸಾಸಿನಲ್ಲಿ ಅದು ನಡೆಯುತ್ತದೆ. ಮೂರನೆಯ ವರ್ಷದ ವಸಂತದಲ್ಲಿ ಗ್ರೀನ್ ಫೆಲೋಸ್ ಎಂಬ ಸಂಶೋಧನಾ ಅವಕಾಶ ಸಿಕ್ಕಿ ಇಡೀ ಸೆಮಿಸ್ಟರ್ ಡಲ್ಲಾಸಿನ ವೈದ್ಯಕೀಯ ಸಂಸ್ಥೆಯಾದ ಯುಟಿ ಸೌತ್‌ವೆಸ್ಟರ್ನ್‌ನ ಪ್ರಯೋಗಾಲಯದಲ್ಲಿ ಕಳೆದಳು. ‘ಅಲ್ಲಿ’ಗೆ ಹೋಗಿದ್ದರೆ ಅಂಥ ಜಾಗಕ್ಕೆ ಎಷ್ಟು ಜನರ ಜೊತೆ ಗುದ್ದಾಡಬೇಕಿತ್ತೋ.

ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್ ಮೊದಲ ಸಲ ಮುಗ್ಗರಿಸಿತು: 505. ಗದ್ಯಭಾಗ ಓದಿ ಉತ್ತರಿಸುವ ಕಾರ್ಸ್ ಭಾಗದಲ್ಲಿ 123. ವಿಜ್ಞಾನದ ಮೂರು ಭಾಗಗಳೂ ಚೆನ್ನಾಗಿದ್ದವು, ಓದಿ ಅರ್ಥ ಮಾಡಿಕೊಳ್ಳುವುದೇ ಕೈ ಕೊಟ್ಟಿತ್ತು. ತರಬೇತಿಗೆ ಕೊಟ್ಟ 2,300 ಡಾಲರ್ ನೀರಿಗೆ ಹಾಕಿದ ಹಾಗಾಯಿತು. ಕುತೂಹಲಕ್ಕೆ ನಾನೂ ಗಡಿಯಾರ ಇಟ್ಟುಕೊಂಡು ಮೂರು ಗದ್ಯಭಾಗ ಮಾಡಿದೆ. ಅವಳಿಗಿಂತ ಎರಡು ಉತ್ತರ ಹೆಚ್ಚು ಸರಿಯಾಗಿದ್ದವು. ಲೆಕ್ಕಪತ್ರದ ಅಡಿಟಿಪ್ಪಣಿಗಳನ್ನು ಇಪ್ಪತ್ತು ವರ್ಷ ಓದಿದ ಫಲ! ಆಮೇಲೆ ಪ್ರತಿ ರಾತ್ರಿ ಊಟದ ನಂತರ ಇಬ್ಬರೂ ಒಂದೊಂದು ಭಾಗ ಮಾಡಿ, ತಪ್ಪಿದ್ದಕ್ಕೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆದಿಡುತ್ತಿದ್ದೆವು. ನಾಲ್ಕು ತಿಂಗಳು. ಜೂನ್‌ನಲ್ಲಿ ಮತ್ತೆ ಬರೆದಳು: 514, ಕಾರ್ಸ್ 128.

ಅರ್ಜಿಯ ಜೊತೆ ಬರೆಯಬೇಕಾದ ಪ್ರಬಂಧದ ಕಥೆ ಇನ್ನೊಂದು. ಮೊದಲ ಆರು ಕರಡುಗಳು ರೋಬೋ ಶಸ್ತ್ರಚಿಕಿತ್ಸೆ, ಅಜ್ಜಿಯ ಸಕ್ಕರೆ ಕಾಯಿಲೆ ಎಂದು ಎಲ್ಲರೂ ಬರೆಯುವುದನ್ನೇ ಬರೆದಿದ್ದವು. ಅವಳು ವಾರಕ್ಕೆ ಮೂರು ಗಂಟೆ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿ ಸ್ವಯಂಸೇವೆ ಮಾಡುತ್ತಿದ್ದಳು. ಅಲ್ಲಿ ತುಮಕೂರಿನ ಕಡೆಯ ಅಜ್ಜನೊಬ್ಬನಿಗೆ ಪಾರ್ಶ್ವವಾಯುವಿನ ನಂತರ ಇಂಗ್ಲಿಷ್ ಪೂರ್ತಿ ಹೋಗಿ ಕನ್ನಡ ಮಾತ್ರ ಉಳಿದಿತ್ತು. ಇವಳ ಕನ್ನಡ ಅಡುಗೆಮನೆಯ ಕನ್ನಡ. ಒಂದು ದಿನ ಆತ “ಮಗ್ಗುಲು” “ಮಗ್ಗುಲು” ಎಂದು ಹತ್ತು ಸಲ ಹೇಳಿದಾಗ ಅರ್ಥವಾಗದೆ ಕಾರಿಡಾರಿನಿಂದ ನನಗೆ ಫೋನ್ ಮಾಡಿದಳು. ಹೊರಳಿಸಿ ಮಲಗಿಸಲು ಹೇಳುತ್ತಿದ್ದಾನೆ ಎಂದೆ. ನರ್ಸ್ ಬಂದು ಹೊರಳಿಸಿದಾಗ ಬೆನ್ನಿನಲ್ಲಿ ಹುಣ್ಣು ಏಳತೊಡಗಿದ್ದು ಕಂಡಿತು. ಏಳನೆಯ ಕರಡು ಆ ಒಂದು ಪದದ ಮೇಲೆ ನಿಂತಿತು. ಐದು ಸಂದರ್ಶನಗಳಲ್ಲಿ ನಾಲ್ಕು ಕಡೆ ಅದನ್ನೇ ಕೇಳಿದರು. ನವೆಂಬರಿನಲ್ಲಿ ಗ್ಯಾಲ್ವೆಸ್ಟನ್‌ನಿಂದ ಪ್ರೀ-ಮ್ಯಾಚ್, ಅಂದರೆ ಮುಂಚಿತವಾಗಿಯೇ ಕೊಡುವ ಸೀಟು, ಬಂತು.

ಈಗ ಅರ್ಜಿ ಹಾಕುವವರಿಗೆ ನನ್ನ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ, ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇಲ್ಲ. ವೈದ್ಯಕೀಯಕ್ಕೆ ಸಿಗುವ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು ಎರಡು ಲಕ್ಷ ಡಾಲರ್‌ಗೆ ನಿಲ್ಲುತ್ತದೆ. ಮಕ್ಕಳ ಓದಿಗೆಂದು ಕೂಡಿಡುವ 529 ಖಾತೆಯನ್ನು ಪದವಿಗೇ ಬರಿದು ಮಾಡಿದವರು ಉಳಿದದ್ದನ್ನು ಖಾಸಗಿ ಬ್ಯಾಂಕಿನ ಬಡ್ಡಿಗೆ ತರಬೇಕು. ನಮ್ಮ 529ರಲ್ಲಿ ಉಳಿದಿದ್ದ ಹಣ ಗ್ಯಾಲ್ವೆಸ್ಟನ್‌ನ ಮೊದಲೆರಡು ವರ್ಷದ ಶುಲ್ಕ ಮತ್ತು ಮನೆ ಬಾಡಿಗೆಗೆ ಸಾಕಾಯಿತು.

ಹೋಳಿಗೆಯ ಹಿರಿಯರು ಕಳೆದ ತಿಂಗಳು ಮೊಮ್ಮಗಳಿಗಾಗಿ ಆ ಹಾಳೆ ಕೇಳಿದರು. ಎರಡು ಕಾಲಂ ಅಳಿಸಿ ಕಳಿಸಿಕೊಟ್ಟೆ.