ಹಬ್ ಒರೆಸುವ 15 ಸೆಕೆಂಡು

ಶಿವಮೊಗ್ಗದ ಆಸ್ಪತ್ರೆಯೊಂದರ ನವಜಾತ ಶಿಶು ತೀವ್ರ ನಿಗಾ ಘಟಕದಲ್ಲಿ ನಾನು ಶುಶ್ರೂಷಕಿಯಾಗಿದ್ದೇನೆ. ಒಂದು ಮಳೆಗಾಲದಲ್ಲಿ ಹೊಸನಗರದ ಕಡೆಯಿಂದ ಬಂದಿದ್ದ, 1,100 ಗ್ರಾಂ ತೂಕದ ಹೆಣ್ಣುಮಗುವಿಗೆ ಪಿಕ್ ಲೈನ್ (ಕೈ ಅಥವಾ ಕಾಲಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ತೂರಿಸಿ, ಔಷಧ, ಪೋಷಣೆ ಕೊಡುವ ಸಪೂರ ನಳಿಕೆ) ಹಾಕಿದ 9ನೇ ದಿನ ಮೈಬಣ್ಣ ಕಂದಿ, ಉಸಿರು ನಿಂತು ನಿಂತು ಬರತೊಡಗಿತು. ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಲೈನ್ ಹಾಕುವಾಗ ಟೋಪಿ, ಮಾಸ್ಕ್, ಗೌನು, ಸ್ಟೆರೈಲ್ ಹೊದಿಕೆ ಯಾವುದರಲ್ಲೂ ಲೋಪವಾಗಿರಲಿಲ್ಲ.

ಆಮೇಲೆ ಒಂದು ರಾತ್ರಿಪಾಳಿಯಲ್ಲಿ, ಒಂದು ಮಗುವಿನ ಹಬ್ ಅನ್ನು, ಅಂದರೆ ಲೈನಿಗೆ ಸಿರಿಂಜ್ ಜೋಡಿಸುವ ಹೊರತುದಿಯನ್ನು, ನಾವು ಎಷ್ಟು ಸಲ ತೆರೆಯುತ್ತೇವೆಂದು ಎಣಿಸಿದೆ. ಏಳು ಸಲ, ಅದರಲ್ಲಿ ಎರಡು ಸಲ ತೆರೆದವಳು ನಾನೇ, ಸ್ವಾಬನ್ನು ಸುಮ್ಮನೆ ಮುಟ್ಟಿಸಿ ಸಿರಿಂಜ್ ಜೋಡಿಸಿದ್ದೆ. ಲೈನ್ ಹಾಕುವುದು ಒಂದು ದಿನದ ಕೆಲಸ, ಅದನ್ನು ಕಾಯುವುದು ಪ್ರತಿ ಪಾಳಿಯ ಕೆಲಸ ಎಂಬುದು ನನಗೆ ಆ ರಾತ್ರಿ ಮನದಟ್ಟಾಯಿತು. ಈಗ ಕೈಗೆ ಹ್ಯಾಂಡ್‌ರಬ್ ಹಚ್ಚಿ ಒಣಗಿಸಿಕೊಂಡ ಮೇಲೆ, ಆಲ್ಕೋಹಾಲ್ ಸ್ವಾಬಿನಿಂದ ಹಬ್ಬಿನ ಬಾಯಿಯನ್ನೂ ಸುತ್ತಲಿನ ತಿರುಪನ್ನೂ ನಿಂಬೆಹಣ್ಣು ಹಿಂಡುವ ಹಾಗೆ ತಿರುಚಿ 15 ಸೆಕೆಂಡು ಉಜ್ಜಿ, ಅದು ತಾನಾಗಿ ಆರುವವರೆಗೆ ಕಾಯುತ್ತೇನೆ; ಊದಿ ಒಣಗಿಸುವುದಿಲ್ಲ. ಔಷಧಗಳ ಸಮಯವನ್ನು ಆದಷ್ಟು ಒಟ್ಟುಗೂಡಿಸಿ, ತೆರೆಯುವ ಸಲಗಳನ್ನೇ ಕಡಿಮೆ ಮಾಡಿದ್ದೇವೆ. ಲಿಪಿಡ್ (ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ಪೋಷಣೆ) ಹರಿಯುವ ಟ್ಯೂಬನ್ನು 24 ಗಂಟೆಗೊಮ್ಮೆ ಬದಲಿಸುತ್ತೇವೆ.

ಮಲೆನಾಡಿನ ಜುಲೈ ತಿಂಗಳು ಇನ್ನೊಂದು ಎಚ್ಚರಿಕೆಯನ್ನು ಬೇಡುತ್ತದೆ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಆದ ಗೌನಿನ ಕಟ್ಟು ಗೋಡೆಯ ತೇವಕ್ಕೆ ತಗುಲಿ ಒದ್ದೆಯಾದರೆ ಅದು ಸ್ಟೆರೈಲ್ ಅಲ್ಲ, ಮತ್ತೆ ಆಟೋಕ್ಲೇವಿಗೆ ಹೋಗಲೇಬೇಕು. ಡ್ರೆಸ್ಸಿಂಗ್ ಅಂಚು ಎದ್ದರೆ ಅಥವಾ ಒಳಗೆ ತೇವ ಕಂಡರೆ ಮಾತ್ರ ಬದಲಿಸುತ್ತೇವೆ, ಏಕೆಂದರೆ ಅವಧಿಗೆ ಮುನ್ನ ಹುಟ್ಟಿದ ಮಗುವಿನ ಚರ್ಮ ಟೇಪಿನ ಜೊತೆಗೇ ಕಿತ್ತುಬರುತ್ತದೆ. ಅಷ್ಟು ಎಳೆಯ ಚರ್ಮಕ್ಕೆ, ಅದನ್ನು ಶುಚಿಗೊಳಿಸಲು ಹಚ್ಚುವ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಸುಟ್ಟಗಾಯವನ್ನೂ ಮಾಡಬಲ್ಲದು. ಆದ್ದರಿಂದ ದ್ರಾವಣ ಬೆನ್ನಿನ ಕೆಳಗೆ ನಿಲ್ಲದಂತೆ ನೋಡಿಕೊಳ್ಳಬೇಕು.

ದಿನವೂ ರೌಂಡ್ಸಿನಲ್ಲಿ ‘ಈ ಲೈನ್ ಇವತ್ತು ಬೇಕೇ’ ಎಂದು ಕೇಳುವ ಹಕ್ಕನ್ನು ಹೊಸದಾಗಿ ಸೇರಿದ ಸಿಸ್ಟರಿಗೂ ಕೊಟ್ಟಿದ್ದೇವೆ. ಗೋಡೆಗೆ ಅಂಟಿಸಿದ ಮುನ್ನೆಚ್ಚರಿಕೆಗಳ ಪಟ್ಟಿಗಿಂತ ಇದರಿಂದಲೇ ಹೆಚ್ಚು ಪ್ರಯೋಜನವಾಗಿದೆ ಎಂಬುದು ನನ್ನ ಅಭಿಪ್ರಾಯ. ಮಗು ಕುಡಿಯುವ ಹಾಲು ದಿನಕ್ಕೆ ಅದರ ತೂಕದ ಪ್ರತಿ ಕಿಲೋಗೆ 120 ಮಿಲಿಲೀಟರ್ ಮುಟ್ಟಿದರೆ ಲೈನ್ ತೆಗೆಯುತ್ತೇವೆ. ಹಾಗಾಗಿ ತಾಯಿಯ ಹಾಲು ಬೇಗ ಸಿಗುವುದೂ ಸೋಂಕು ತಡೆಯುವ ಕೆಲಸವೇ.

ಹೊಸನಗರದ ಆ ತಾಯಿ ಹಿಂಡಿದ ಹಾಲನ್ನು ತಂದು, “ಸಿಸ್ಟರ್, ಇಷ್ಟು ಸಾಕಾಗ್ತದಾ?” ಎಂದು ಕೇಳುತ್ತಿದ್ದರು. ಸೋಂಕು ತಗುಲಿದ ಲೈನನ್ನು ತೆಗೆದು, ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದ ಮೇಲೆ, ಮಗು ಆ ಹಾಲನ್ನೇ ಕುಡಿದು ತೂಕ ಏರಿಸಿಕೊಂಡು ಮನೆಗೆ ಹೋಯಿತು.